ಹೆರಿಗೆ ಕೋಣೆಗೂ ಉಂಟು ಪರೀಕ್ಷೆ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಮನೆಮನೆಗಳಲ್ಲಿ ವಿಚಾರಣೆ ಶುರುವಾಗುತ್ತದೆ. ಯಾವ ಕಾಲೇಜು ಒಳ್ಳೆಯದು? ಉಪನ್ಯಾಸಕರು ಪೂರ್ತಿ ಇದ್ದಾರೆಯೆ? ಪ್ರಯೋಗಾಲಯ ಇದೆಯೆ, ಇದ್ದರೆ ಅದರ ಬೀಗ ತೆಗೆಯುತ್ತಾರೆಯೆ? ಹಾಸ್ಟೆಲಿನ ಊಟ ಹೇಗೆ? 'ನ್ಯಾಕ್' ಯಾವ ದರ್ಜೆ ಕೊಟ್ಟಿದೆ? ಚನ್ನಗಿರಿಯ ಅಡಿಕೆ ಬೆಳೆಗಾರರಿರಲಿ, ಜಗಳೂರಿನ ಮೆಕ್ಕೆಜೋಳದ ರೈತರಿರಲಿ, ಮಗಳನ್ನು ಓದಿಸಬೇಕೆಂದು ಹೊರಟವರು ನಾಲ್ಕು ಕಡೆ ಕೇಳಿ, ಎರಡು ಕಡೆ ಹೋಗಿ ನೋಡಿಯೇ ಅರ್ಜಿ ಹಾಕುವುದು. ಅದೇ ಮಗಳು ಓದು ಮುಗಿಸಿ, ಮದುವೆಯಾಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಈ ವಿಚಾರಣೆಯೆಲ್ಲ ಎಲ್ಲಿ ಹೋಗುತ್ತದೆಯೋ ತಿಳಿಯದು. 'ದೊಡ್ಡ ಸೊಸೆಗೆ ಅಲ್ಲೇ ಆಗಿತ್ತಲ್ಲ', 'ಆ ಡಾಕ್ಟರಮ್ಮನ ಕೈಗುಣ ಚೆನ್ನಾಗಿದೆ' ಎಂಬ ಎರಡು ಮಾತಿನಲ್ಲಿ ತೀರ್ಮಾನ ಮುಗಿದಿರುತ್ತದೆ.

ಕೈಗುಣದ ಮಾತನ್ನು ನಕ್ಕು ತಳ್ಳಿಹಾಕಬೇಕಾಗಿಲ್ಲ. ಹತ್ತಾರು ವರ್ಷ ಒಂದೇ ಊರಿನಲ್ಲಿ ದುಡಿದ ವೈದ್ಯರ ಮೇಲೆ ಜನ ಇಟ್ಟ ವಿಶ್ವಾಸ ಅದು. ಆದರೆ ಕೈಗುಣ ಒಬ್ಬರದು. ಕಷ್ಟದ ಹೆರಿಗೆ ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ನಡುರಾತ್ರಿ 2 ಗಂಟೆಗೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಇಳಿಯತೊಡಗಿದರೆ ಆಗ ಅರಿವಳಿಕೆ ಕೊಡುವವರು ಬೇಕು, ಆಪರೇಷನ್ ಕೋಣೆಯನ್ನು ಅಣಿಮಾಡುವವರು ಬೇಕು, ಹುಟ್ಟಿದ ಮಗುವನ್ನು ಎತ್ತಿಕೊಳ್ಳಲು ಪಳಗಿದ ಇನ್ನೊಂದು ಜೊತೆ ಕೈ ಬೇಕು, ತಾಯಿಯ ಗುಂಪಿನ ರಕ್ತ ಬೇಕು, ಕರೆಂಟು ಹೋದರೆ ಕೂಡಲೇ ಓಡುವ ಜನರೇಟರ್ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೆ ಉಳಿದವು ಇದ್ದೂ ಇಲ್ಲದಂತೆ. ಇಂಥದೊಂದು ಪಟ್ಟಿ ಹಿಡಿದು ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಪರೀಕ್ಷಿಸಿ ಅಂಕ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬಂದು ಕೆಲವು ವರ್ಷಗಳಾದವು. ಅದರ ವಿಷಯ ಗೊತ್ತಿರುವುದು ಆಸ್ಪತ್ರೆಯವರಿಗೆ. ಗೊತ್ತಿರಬೇಕಾದದ್ದು ಗರ್ಭಿಣಿಯ ಮನೆಯವರಿಗೆ.

ಇದು ಈಗ ಏಕೆ ಮುಖ್ಯವೆಂದರೆ, ಹೆರಿಗೆಯ ಹಳೆಯ ಪ್ರಶ್ನೆ ಬಹುಪಾಲು ಬಗೆಹರಿದಿದೆ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ವೇಳೆಗೆ ಅದು ಶೇ 97ಕ್ಕೆ ಏರಿತ್ತು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಬಂದ 108 ಆಂಬುಲೆನ್ಸ್, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂದು ಸಾರಿದ 2011ರ ಕಾರ್ಯಕ್ರಮ, ಇವೆಲ್ಲಕ್ಕಿಂತ ಹೆಚ್ಚಾಗಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರ ಚಪ್ಪಲಿ ಸವೆತ ಇದನ್ನು ಸಾಧಿಸಿತು. ಸೂಲಗಿತ್ತಿಯೋ ಆಸ್ಪತ್ರೆಯೋ ಎಂದು ಈಗ ಯಾರೂ ಜಗಳವಾಡುವುದಿಲ್ಲ. ಯಾವ ಆಸ್ಪತ್ರೆ ಎಂಬುದೇ ಪ್ರಶ್ನೆ.

ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಲೆಕ್ಕದಲ್ಲಿ ಕರ್ನಾಟಕದ ಸಂಖ್ಯೆ 2001-03ರಲ್ಲಿ 228 ಇತ್ತು. 2018-20ರಲ್ಲಿ 69ಕ್ಕೆ ಇಳಿಯಿತು. ಸಂತೋಷದ ಸಂಗತಿಯೇ. ಆದರೆ ಅದೇ 2018-20ರಲ್ಲಿ ತಮಿಳುನಾಡು 54, ಕೇರಳ 19. ದಕ್ಷಿಣದ ಐದು ರಾಜ್ಯಗಳ ಸಾಲಿನಲ್ಲಿ ಕರ್ನಾಟಕದ್ದು ಕೊನೆಯ ಜಾಗ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತು. ಆ ಬಳಿಕ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲನೆಗೆ ಒಳಪಡಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂದು ತಿಳಿದುಬಂತು. ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲು ಕಂಡವರೇ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಒಂದು, ಆಸ್ಪತ್ರೆಯ ಹಂತ. ಇನ್ನೊಂದು, ಆಸ್ಪತ್ರೆಯ ಗುಣಮಟ್ಟ. ಶಾಲೆಯ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಊರಿನ ಪ್ರಾಥಮಿಕ ಶಾಲೆ ಜಿಲ್ಲೆಗೇ ಮಾದರಿಯಾಗಿರಬಹುದು. ಹಾಗೆಂದು ಅಲ್ಲಿ ಪಿಯುಸಿ ಭೌತವಿಜ್ಞಾನ ಕಲಿಸಿ ಎಂದು ಯಾರೂ ಕೇಳುವುದಿಲ್ಲ. ನಗರದ ದೊಡ್ಡ ಕಾಲೇಜಿನಲ್ಲಿ ಎಲ್ಲ ವಿಭಾಗಗಳೂ ಇರಬಹುದು, ಪಾಠ ಮಾತ್ರ ನಡೆಯದಿರಬಹುದು. ಯಾವ ತರಗತಿಯವರೆಗೆ ಕಲಿಸುತ್ತಾರೆ ಎಂಬುದು ಹಂತ. ಹೇಗೆ ಕಲಿಸುತ್ತಾರೆ ಎಂಬುದು ಗುಣಮಟ್ಟ. ಹೆರಿಗೆ ಆಸ್ಪತ್ರೆಯ ಮಾತು ಬಂದಾಗ ಈ ಎರಡನ್ನೂ ಕಲಸಿ 'ದೊಡ್ಡಾಸ್ಪತ್ರೆ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ರೂಢಿ.

ಹಂತಗಳು ಸ್ಥೂಲವಾಗಿ ಮೂರು. ಯಾವ ತೊಡಕೂ ಇಲ್ಲದ ಸಹಜ ಹೆರಿಗೆಯನ್ನು ತರಬೇತಾದ ದಾದಿ ಮಾಡಿಸಬಲ್ಲ ಜಾಗ ಮೊದಲನೆಯದು. ಹಗಲು ರಾತ್ರಿ ತೆರೆದಿದ್ದು, ಸಣ್ಣಪುಟ್ಟ ತೊಡಕುಗಳನ್ನು ನಿಭಾಯಿಸಬಲ್ಲದ್ದು ಎರಡನೆಯದು. ಸೋಂಕಿಗೆ, ನಂಜಿನ ಫಿಟ್ಸಿಗೆ, ರಕ್ತಸ್ರಾವಕ್ಕೆ ಚುಚ್ಚುಮದ್ದು ಕೊಡುವುದು, ಒಳಗೇ ಉಳಿದ ಮಾಸನ್ನು ತೆಗೆಯುವುದು, ಅದರ ಚೂರುಗಳಿದ್ದರೆ ಸ್ವಚ್ಛಗೊಳಿಸುವುದು, ಉಪಕರಣದ ನೆರವಿನಿಂದ ಹೆರಿಗೆ ಮಾಡಿಸುವುದು, ಅಳದ ಮಗುವಿಗೆ ಉಸಿರು ಹಿಡಿಸುವುದು, ಈ ಏಳು ಕೆಲಸಗಳನ್ನು ತುರ್ತು ಹೆರಿಗೆ ಸೇವೆಯ ಬುನಾದಿ ಎನ್ನುತ್ತಾರೆ. ಇವುಗಳ ಮೇಲೆ ಇನ್ನೆರಡು ಸೇರಬೇಕು: ಸಿಸೇರಿಯನ್ ಮತ್ತು ರಕ್ತ ಕೊಡುವುದು. ಈ ಒಂಬತ್ತೂ ಕೆಲಸ 24 ಗಂಟೆಯೂ ನಡೆದರೆ ಅದು ಮೂರನೆಯ ಹಂತ. 24 ಗಂಟೆ ಎಂಬುದೇ ಇಲ್ಲಿ ಮುಖ್ಯ ಮಾತು. ಹಗಲು ಸಿಸೇರಿಯನ್ ಮಾಡಿ ರಾತ್ರಿ ಕೈಚೆಲ್ಲುವ ಆಸ್ಪತ್ರೆ ಹಗಲು ಮೂರನೆಯ ಹಂತದ್ದು, ರಾತ್ರಿ ಎರಡನೆಯದು. ಮಕ್ಕಳು ಗಡಿಯಾರ ನೋಡಿ ಹುಟ್ಟುವುದಿಲ್ಲ.

ಮಗುವಿನ ಕಡೆಯಿಂದಲೂ ಇಂಥದೇ ಮೆಟ್ಟಿಲುಗಳಿವೆ. ಹೆರಿಗೆಯಾಗುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ನವಜಾತ ಶಿಶುವಿಗೆಂದೇ ಒಂದು ಮೂಲೆ ಇರಬೇಕು. ಅಲ್ಲಿ ಬಿಸಿ ಕೊಡುವ ದೀಪದ ಮಂಚ, ಉಸಿರು ಕೊಡುವ ಚೀಲ, ಪುಟ್ಟ ಮಾಸ್ಕ್ ಇರಬೇಕು. ತಾಲ್ಲೂಕು ಮಟ್ಟದಲ್ಲಿ ಕೆಲವೇ ಹಾಸಿಗೆಗಳ ಸ್ಥಿರೀಕರಣ ಘಟಕ. ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಎಂದು ಕರೆಯುವ ವಿಶೇಷ ಆರೈಕೆ ಘಟಕ. 34 ವಾರ ತುಂಬುವ ಮೊದಲೇ ಹುಟ್ಟಿದ, ಅಥವಾ 1,800 ಗ್ರಾಂಗಿಂತ ಕಡಿಮೆ ತೂಗುವ ಮಗು ಸೇರಬೇಕಾದದ್ದು ಅಲ್ಲಿಗೆ. ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 5ರಿಂದ 10ಕ್ಕೆ ಉಸಿರಾಟ ಆರಂಭಿಸಲು ಏನಾದರೊಂದು ನೆರವು ಬೇಕಾಗುತ್ತದೆ. ಅದು ಮೊದಲ ಒಂದು ನಿಮಿಷದಲ್ಲೇ ಸಿಗಬೇಕು. ಆ ಒಂದು ನಿಮಿಷಕ್ಕೆ ಯಾವ ಆಂಬುಲೆನ್ಸೂ ಸಾಲದು. ಆದುದರಿಂದಲೇ ಅತಿ ಚಿಕ್ಕ ಆಸ್ಪತ್ರೆಯಲ್ಲೂ ಆ ಮೂಲೆ ಇರಬೇಕೆಂಬ ನಿಯಮ.

ಹೀಗೆ ಮೆಟ್ಟಿಲು ಕಟ್ಟುವ ಆಲೋಚನೆ ಹೊಸದೇನಲ್ಲ. ಅಮೆರಿಕದಲ್ಲಿ 1976ರಲ್ಲಿಯೇ ತಜ್ಞರ ಸಮಿತಿಯೊಂದು ಆಸ್ಪತ್ರೆಗಳನ್ನು ಮೂರು ಹಂತಗಳಾಗಿ ವಿಂಗಡಿಸಬೇಕೆಂದು ಹೇಳಿತ್ತು. ಶಿಶು ಘಟಕಗಳಿಗೆ ಹಂತ ಕೊಡುವುದು ಅಲ್ಲಿ ಬಲುಬೇಗ ಬೇರೂರಿತು. ತಾಯಿಯ ಆರೈಕೆಗೆ ಅಂಥದೇ ನಾಲ್ಕು ಹಂತಗಳನ್ನು ಅಲ್ಲಿನ ಪ್ರಸೂತಿ ತಜ್ಞರ ಸಂಘ ನಿಗದಿ ಮಾಡಿದ್ದು 2015ರಲ್ಲಿ! ಆಸ್ಪತ್ರೆಗಳು ತಾವಾಗಿಯೇ ಮುಂದೆ ಬಂದರೆ ಅವುಗಳ ಹಂತವನ್ನು ಹೊರಗಿನವರು ತಪಾಸಣೆ ಮಾಡಿ ದೃಢಪಡಿಸುವ ವ್ಯವಸ್ಥೆ 2022ರಲ್ಲಿ ಆರಂಭವಾಯಿತು. ಮಗುವಿನ ಹಿಂದೆ ತಾಯಿ ಇರುತ್ತಾಳೆಂಬುದು ಸಿರಿವಂತ ದೇಶಕ್ಕೂ ತಡವಾಗಿ ಹೊಳೆದ ಸಂಗತಿ.

ಇನ್ನು ಗುಣಮಟ್ಟದ ಪರೀಕ್ಷೆ. ಭಾರತ ಸರ್ಕಾರ 2017ರ ಡಿಸೆಂಬರ್‌ನಲ್ಲಿ 'ಲಕ್ಷ್ಯ' ಎಂಬ ಕಾರ್ಯಕ್ರಮ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆ ಮತ್ತು ಹೆರಿಗೆಯ ಆಪರೇಷನ್ ಕೋಣೆ, ಇವೆರಡೇ ಅದರ ಗುರಿ. ಆಸ್ಪತ್ರೆಯವರು ಮೊದಲು ತಮ್ಮನ್ನು ತಾವೇ ಅಳೆದುಕೊಂಡು ಕೊರತೆ ತಿದ್ದಿಕೊಳ್ಳಬೇಕು. ಆಮೇಲೆ ರಾಜ್ಯದ ಪರೀಕ್ಷಕರು, ಕೊನೆಗೆ ರಾಷ್ಟ್ರ ಮಟ್ಟದ ಪರೀಕ್ಷಕರು ಬರುತ್ತಾರೆ. ಪ್ರಶ್ನೆಪತ್ರಿಕೆ ಬಲು ಉದ್ದ. ಪ್ರತಿ ಅಂಶಕ್ಕೂ ಪೂರ್ತಿ ಸರಿಯಿದ್ದರೆ 2, ಅರ್ಧಂಬರ್ಧವಿದ್ದರೆ 1, ಇಲ್ಲವೆಂದರೆ ಸೊನ್ನೆ. ಒಟ್ಟು ಶೇ 70ಕ್ಕಿಂತ ಕಡಿಮೆ ಬಂದರೆ ಪ್ರಮಾಣಪತ್ರವಿಲ್ಲ. 70 ದಾಟಿದರೆ ಬೆಳ್ಳಿ, 80 ದಾಟಿದರೆ ಚಿನ್ನ, 90 ದಾಟಿದರೆ ಪ್ಲಾಟಿನಂ ಪದಕ. ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು ಎಂದು ಬೆಳೆದವರಿಗೆ ಇದು ಬಿಗಿಯಾದ ಪರೀಕ್ಷೆಯೇ ಸರಿ.

ಪರೀಕ್ಷೆ ನಡೆಯುವ ರೀತಿ ವಿದ್ಯಾರ್ಥಿಗಳಿಗೆ ಕುತೂಹಲ ಹುಟ್ಟಿಸುವಂಥದು. ಬರಿಯ ಕಡತ ನೋಡಿ ಅಂಕ ಹಾಕುವಂತಿಲ್ಲ. ನಾಲ್ಕು ದಾರಿಗಳಲ್ಲಿ ಸತ್ಯ ಶೋಧಿಸಬೇಕು: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ತೆಗೆಸುವುದು, ಬಾಣಂತಿಯನ್ನೇ ಮಾತನಾಡಿಸುವುದು. ಹೆರಿಗೆಯಾದೊಡನೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಎಲ್ಲಿದೆ ಎಂದು ಕೇಳಿದರೆ ಕಪಾಟಿನಿಂದ ತೆಗೆದು ತೋರಿಸಿದರೆ ಸಾಲದು; ಅದು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇರಬೇಕು, ಬಿಸಿಲಿನ ಊರಿನ ಕಪಾಟಿನಲ್ಲಿಟ್ಟ ಚುಚ್ಚುಮದ್ದು ತನ್ನ ಕಸುವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಸಿಸ್ಟರ್ ಕೈಗೆ ಬೊಂಬೆಯೊಂದನ್ನು ಕೊಟ್ಟು, 'ಈ ಮಗು ಅಳುತ್ತಿಲ್ಲ, ಏನು ಮಾಡುತ್ತೀರಿ ತೋರಿಸಿ' ಎನ್ನಬಹುದು. ಪಕ್ಕದ ವಾರ್ಡಿನ ಬಾಣಂತಿಯ ಬಳಿ ಹೋಗಿ, 'ನೋವು ತಿನ್ನುವಾಗ ಜೊತೆಗೆ ನಿಮ್ಮವರು ಯಾರಾದರೂ ಇದ್ದರೆ? ಯಾರಾದರೂ ಬೈದರೆ? ದುಡ್ಡು ಕೇಳಿದರೆ?' ಎಂದು ವಿಚಾರಿಸಬಹುದು.

ಈ ಕೊನೆಯ ಪ್ರಶ್ನೆಗಳು ಪಟ್ಟಿಯಲ್ಲಿ ಸೇರಿದ್ದೇ ಒಂದು ದೊಡ್ಡ ಮಾತು. ಹೆರಿಗೆ ಕೋಣೆಯ ಬೈಗುಳ ಹಿಂದಿನ ತಲೆಮಾರಿನ ತಾಯಂದಿರಿಗೆ ಹೊಸದಲ್ಲ. ನೋವಿನಲ್ಲಿ ಕೂಗಿದರೆ ಗದರಿಕೆ, ಮಂಚದಿಂದ ಮಂಚಕ್ಕೆ ಪರದೆಯಿಲ್ಲ, ಹೊರಗೆ ಕಾಯುವ ತಾಯಿಗೆ ಒಳಗಿನ ಸುದ್ದಿಯಿಲ್ಲ. ಅದನ್ನೆಲ್ಲ ಆಸ್ಪತ್ರೆಯೆಂದರೆ ಹಾಗೆಯೇ ಎಂದು ಸಹಿಸಿಕೊಂಡವರೇ ಹೆಚ್ಚು. ಮರ್ಯಾದೆಯಿಂದ ನಡೆಸಿಕೊಳ್ಳುವುದು ಚಿಕಿತ್ಸೆಯ ಭಾಗ, ಅದಕ್ಕೂ ಅಂಕ ಉಂಟು ಎಂದು ಸರ್ಕಾರದ ಕಾಗದವೇ ಹೇಳುತ್ತದೆ. ನೋವಿನ ಹೊತ್ತಿನಲ್ಲಿ ಜೊತೆಗೊಬ್ಬ ಹೆಂಗಸನ್ನು ಬಿಡಬೇಕೆಂದೂ ಹೇಳುತ್ತದೆ. ಹೆರಿಗೆಗೆ ಬಂದವಳು ಆರೋಪಿಯೇನೂ ಅಲ್ಲವಲ್ಲ!

ಇದೆಲ್ಲದರಿಂದ ಜೀವ ಉಳಿಯುತ್ತದೆಯೆ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದಿಷ್ಟು ಉತ್ತರ ಕರ್ನಾಟಕದ ನೆಲದಲ್ಲೇ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ವೇಳೆ ಮರೆಯದೆ ಮಾಡಬೇಕಾದ 29 ಕೆಲಸಗಳ ತಾಳೆಪಟ್ಟಿಯೊಂದನ್ನು ಸಿದ್ಧಪಡಿಸಿ 2010ರಲ್ಲಿ ಪ್ರಯೋಗಕ್ಕಿಟ್ಟದ್ದು ನಮ್ಮ ರಾಜ್ಯದ ಒಂದು ಹೆರಿಗೆ ಕೇಂದ್ರದಲ್ಲಿ. ಕೈತೊಳೆಯುವುದು, ತಾಯಿಯ ರಕ್ತದೊತ್ತಡ ನೋಡುವುದು, ಮಗುವನ್ನು ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡುವುದು, ಇಂಥ ಸರಳ ಕೆಲಸಗಳೇ ಎಲ್ಲ. ಪಟ್ಟಿ ಬರುವ ಮೊದಲು ಒಂದು ಹೆರಿಗೆಗೆ 29ರಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದವು. ಬಂದ ಮೇಲೆ 25. ಅಲ್ಲಿದ್ದವರು ಅದೇ ಸಿಬ್ಬಂದಿ. ಕೆಲಸ ಗೊತ್ತಿಲ್ಲದ್ದರಿಂದ ಬಿಟ್ಟುಹೋಗುತ್ತಿತ್ತು ಎನ್ನುವುದಕ್ಕಿಂತ ಧಾವಂತದಲ್ಲಿ ಮರೆತುಹೋಗುತ್ತಿತ್ತು ಎನ್ನುವುದೇ ಸರಿ.

ಅಳತೆಯ ಮಹತ್ವವನ್ನು ತೋರಿಸಿಕೊಟ್ಟದ್ದು ಬೆಳಗಾವಿ. ಹೆರಿಗೆಯ ನಂತರ ಎಷ್ಟು ರಕ್ತ ಹೋಯಿತೆಂದು ದಾದಿಯರು ಕಣ್ಣಂದಾಜಿನಲ್ಲಿ ಹೇಳುವುದು ವಾಡಿಕೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ವಿದೇಶಿ ಸಂಶೋಧಕರೊಡನೆ ಸೇರಿ, ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ನೋಡಿದರು. ಕಣ್ಣಂದಾಜು ನಿಜವಾದ ಅಳತೆಗಿಂತ ಶೇ 33ರಷ್ಟು ಕಡಿಮೆ ಎಂದು 2006ರಲ್ಲಿ ಪ್ರಕಟವಾಯಿತು. ಅರ್ಧ ಲೀಟರ್ ಹೋಗಿದ್ದರೂ 'ಪರವಾಗಿಲ್ಲ, ಸ್ವಲ್ಪವೇ' ಎಂದು ತೋರುತ್ತದೆ ಎಂದಾಯಿತು. ಹೆರಿಗೆಯ ನಂತರದ ರಕ್ತಸ್ರಾವ ತಾಯಿಯನ್ನು ಎರಡೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಆ ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆಯನ್ನು 'ಪರವಾಗಿಲ್ಲ' ಎಂಬ ಮಾತು ತಿಂದುಬಿಟ್ಟರೆ ಉಳಿಯುವುದೇನು?

ಇನ್ನೊಂದು ಬದಿಯನ್ನೂ ಹೇಳದೆ ಬಿಡುವುದು ಸರಿಯಲ್ಲ. ಅದೇ ತಾಳೆಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಹೆರಿಗೆಗಳನ್ನು ಗಮನಿಸಿ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅದರ ಫಲಿತಾಂಶ ಹೊರಬಂದದ್ದು 'ಲಕ್ಷ್ಯ' ಆರಂಭವಾದ 2017ರ ಡಿಸೆಂಬರ್ ತಿಂಗಳಲ್ಲೇ ಎಂಬುದು ಒಂದು ವಿಚಿತ್ರ. ಸಿಬ್ಬಂದಿಯ ಕೆಲಸದ ರೀತಿ ಚೆನ್ನಾಗಿಯೇ ಸುಧಾರಿಸಿತ್ತು. ಆದರೆ ತಾಯಿ ಮಕ್ಕಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಹಿಡಿದು ರಕ್ತದೊತ್ತಡ ಅಳೆದರೆ ಅಪಾಯ ಗೊತ್ತಾಗುತ್ತದೆ, ನಿಜ. ಗೊತ್ತಾದ ಮೇಲೆ ಔಷಧಿ ಬೇಡವೆ? ಆಪರೇಷನ್ ಮಾಡುವವರು ಬೇಡವೆ? ಮೇಲಿನ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಗಾಡಿ ಬೇಡವೆ? ಗುಣಮಟ್ಟದ ಪತ್ರಕ್ಕೆ ಹಂತಗಳ ಮೆಟ್ಟಿಲು ಜೊತೆಗೂಡದಿದ್ದರೆ ಫಲ ಅರ್ಧಕ್ಕೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಖಾಸಗಿ ಆಸ್ಪತ್ರೆಗಳ ಕಥೆ ಬೇರೆ. ರಾಜ್ಯದ 2007ರ ಕಾಯಿದೆಯ ಪ್ರಕಾರ ಖಾಸಗಿ ನರ್ಸಿಂಗ್ ಹೋಮುಗಳು ನೋಂದಣಿ ಮಾಡಿಸಲೇಬೇಕು. ಇದು ಕಡ್ಡಾಯ, ಅಂಗಡಿಗೆ ಲೈಸೆನ್ಸ್ ಇದ್ದಂತೆ. ಅದಕ್ಕಿಂತ ಮೇಲಿನ ಪ್ರಮಾಣಪತ್ರ ಐಚ್ಛಿಕ. ಪ್ರಸೂತಿ ತಜ್ಞರ ಅಖಿಲ ಭಾರತ ಒಕ್ಕೂಟವಾದ ಫಾಗ್ಸಿ ಇದಕ್ಕೆಂದೇ 'ಮಾನ್ಯತಾ' ಎಂಬ ಪದ್ಧತಿ ರೂಪಿಸಿದೆ. ಗರ್ಭಿಣಿಯ ತಪಾಸಣೆಯಿಂದ ಹಿಡಿದು ಬಾಣಂತಿಯನ್ನು ಮನೆಗೆ ಕಳಿಸುವವರೆಗೆ 16 ಮಾನದಂಡಗಳು ಅದರಲ್ಲಿವೆ. ಸಣ್ಣ ನರ್ಸಿಂಗ್ ಹೋಮುಗಳೂ ಮುಟ್ಟಬಹುದಾದ ಎತ್ತರ ಅದು.

ಐಚ್ಛಿಕ ಎಂಬ ಪದದಲ್ಲಿ ಒಂದು ತೊಡಕಿದೆ. ಚೆನ್ನಾಗಿ ಓದಿದ ಹುಡುಗನೇ ಪ್ರತಿಭಾ ಪರೀಕ್ಷೆಗೆ ಹೆಸರು ಕೊಡುವುದು. ಓದದವನು ಕಿಟಕಿಯಿಂದ ಹೊರಗೆ ನೋಡುತ್ತಾನೆ. ಆಸ್ಪತ್ರೆಗಳಲ್ಲೂ ಹಾಗೆಯೇ. ಪತ್ರವಿಲ್ಲದ್ದೆಲ್ಲ ಕೆಟ್ಟದ್ದೆಂದು ಹೇಳಲಾಗದು; ಆದರೆ ಬಹಳ ಕೆಟ್ಟದ್ದು ಪತ್ರಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ. ಇನ್ನೊಂದು, ಕಾಲ. ಸರ್ಕಾರಿ ಗುಣಮಟ್ಟದ ಪ್ರಮಾಣಪತ್ರದ ಆಯಸ್ಸು ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಮರುಪರಿಶೀಲನೆ. ಅಷ್ಟರಲ್ಲಿ ಅರಿವಳಿಕೆ ತಜ್ಞರೊಬ್ಬರಿಗೆ ವರ್ಗವಾದರೆ? ಗೋಡೆಯ ಮೇಲಿನ ಚೌಕಟ್ಟು ಅಲ್ಲೇ ಇರುತ್ತದೆ, ರಾತ್ರಿಯ ಸಿಸೇರಿಯನ್ ಹೋಗಿರುತ್ತದೆ. ಪತ್ರವನ್ನು ತೂಗುಹಾಕುವುದಾದರೆ ಅದು ಮುಖ್ಯ ವೈದ್ಯಾಧಿಕಾರಿಯ ಕೊಠಡಿಯಲ್ಲಲ್ಲ, ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲಿರಬೇಕು. ಅದರಡಿ ದಪ್ಪ ಕನ್ನಡ ಅಕ್ಷರಗಳಲ್ಲಿ 'ಇಂದು ರಾತ್ರಿ ಇಲ್ಲಿ ಸಿಸೇರಿಯನ್ ಆಗುತ್ತದೆ' ಅಥವಾ 'ಆಗುವುದಿಲ್ಲ' ಎಂದು ಬರೆದಿಡುವ ಒಂದು ಕರಿಹಲಗೆ ಇದ್ದರೆ, ಆ ಹಲಗೆಯೇ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಇಟ್ಟುಕೊಂಡು ನೋಡಿದರೆ ಈ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ. 1997ರ ಆಗಸ್ಟ್ 15ರಂದು ಈ ಜಿಲ್ಲೆ ಆಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಗಡಿ ಬದಲಾದರೂ ಬಸ್ಸಿನ ದಾರಿ, ನೆಂಟಸ್ತಿಕೆ, ಆಸ್ಪತ್ರೆಯ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಕಾಗದದ ಮೇಲೆ ಜಿಲ್ಲಾ ಆಸ್ಪತ್ರೆಯೆಂದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ. ರಸ್ತೆಯ ಮೇಲೆ ಮೊದಲು ಸಿಗುವುದು ಶಿವಮೊಗ್ಗದ ಮೆಗ್ಗಾನ್. ಜಗಳೂರಿನ ಕೆಲವು ಹಳ್ಳಿಗಳವರಿಗೂ ಹೀಗೆಯೇ ದಾವಣಗೆರೆಯೋ ಚಿತ್ರದುರ್ಗವೋ ಎಂಬ ಕವಲು. ಚನ್ನಗಿರಿ ಎರಡು ದೊಡ್ಡ ಊರುಗಳ ನಡುವೆ ಇದೆ. ಸೂಳೆಕೆರೆಯ ಆಸುಪಾಸಿನ ಒಂದೊಂದು ಹಳ್ಳಿಗೂ ಒಂದೊಂದು ಉತ್ತರ. ಯಾವ ಕಡೆ ಎಂಬುದನ್ನು ನೋವು ಶುರುವಾದ ಮೇಲೆ, ಆಂಬುಲೆನ್ಸಿನ ಬಾಗಿಲು ಹಿಡಿದು ನಿಂತು ಚರ್ಚಿಸುವಂತಿಲ್ಲ.

ತಾಲ್ಲೂಕು ಎಂಬ ಬೋರ್ಡ್ ಬಂದ ಮಾತ್ರಕ್ಕೆ ಆಸ್ಪತ್ರೆಯ ಹಂತ ಏರುವುದಿಲ್ಲ ಎಂಬುದನ್ನೂ ಹೊಸ ತಾಲ್ಲೂಕಿನವರು ನೆನಪಿಡಬೇಕು. ಅದಕ್ಕೆ ಹುದ್ದೆಗಳ ಮಂಜೂರಾತಿ ಬೇಕು, ಹುದ್ದೆಗೆ ಜನ ಬರಬೇಕು, ಬಂದವರು ನಿಲ್ಲಬೇಕು. ತಾಯಂದಿರ ಸಾವಿನ ಪರಿಶೀಲನೆಯ ಬಳಿಕ 2025ರಲ್ಲಿ ರಾಜ್ಯ ಸರ್ಕಾರ ಒಂದು ತೀರ್ಮಾನಕ್ಕೆ ಬಂತು. ಹೆರಿಗೆಗಳು ತೀರ ಕಡಿಮೆಯಿರುವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಹಂಚಿಹೋಗಿರುವ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದು, ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗಗಳಲ್ಲಿ ಇಬ್ಬಿಬ್ಬರನ್ನು ಇಟ್ಟು ಹಗಲಿರುಳು ಸೇವೆ ಕೊಡಬೇಕು ಎಂಬುದು ಅದು. ಒಬ್ಬರೇ ತಜ್ಞರು ವರ್ಷವಿಡೀ 24 ಗಂಟೆ ಎಚ್ಚರಿರಲು ಸಾಧ್ಯವಿಲ್ಲವೆಂಬುದು ಸರಳ ಗಣಿತ. ಆದರೆ ಇದರಿಂದ ಹತ್ತಿರದ ಕೇಂದ್ರದಲ್ಲಿದ್ದ 'ನಮ್ಮ ಡಾಕ್ಟರಮ್ಮ' ಇನ್ನೊಂದು ಊರಿಗೆ ಹೋಗುತ್ತಾರೆ, ಹಳ್ಳಿಗೆ ದೂರ ಹೆಚ್ಚುತ್ತದೆ. ಹತ್ತಿರದಲ್ಲಿ ಅರೆಬರೆ ಸೇವೆಯೋ, ತುಸು ದೂರದಲ್ಲಿ ಪೂರ್ತಿ ಸೇವೆಯೋ ಎಂಬುದು ಸುಲಭದ ಆಯ್ಕೆಯಲ್ಲ. ಹೆರಿಗೆಯ ಮಟ್ಟಿಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಅದು ಸರಿಯಾಗಬೇಕಾದರೆ ಗಾಡಿ ಹೊತ್ತಿಗೆ ಬರಬೇಕು, ಅಷ್ಟೆ.

ಇಲ್ಲೊಂದು ಪದ್ಧತಿಯ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಈ ಸೀಮೆಯ ಪ್ರೀತಿಯ ನಡವಳಿಕೆ. ಸೀಮಂತ ಮುಗಿಸಿ, ಬಳೆ ತೊಡಿಸಿ, ಮಗಳನ್ನು ಕರೆತರುತ್ತಾರೆ. ಅದನ್ನು ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಆದರೆ ದಾವಣಗೆರೆಗೋ ಬೆಂಗಳೂರಿಗೋ ಕೊಟ್ಟ ಹುಡುಗಿ ಏಳನೆಯ ತಿಂಗಳವರೆಗೆ ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಆಮೇಲೆ ಜಗಳೂರಿನ ಹಳ್ಳಿಗೆ ಬಂದಳೆಂದರೆ, ಮೆಟ್ಟಿಲ ಮೇಲಿದ್ದವಳು ಕೆಳಗಿಳಿದಂತೆ. ಜೊತೆಗೆ ಅವಳ ತಾಯಿ ಕಾರ್ಡ್, ಸ್ಕ್ಯಾನಿಂಗ್ ಹಾಳೆಗಳು ಗಂಡನ ಮನೆಯ ಬೀರುವಿನಲ್ಲೇ ಉಳಿದರೆ ಇಲ್ಲಿಯ ವೈದ್ಯರಿಗೆ ಅವಳು ಅಪರಿಚಿತೆ. ಬಿ.ಪಿ. ಯಾವಾಗಿನಿಂದ ಏರುತ್ತಿದೆ, ಹಿಮೋಗ್ಲೋಬಿನ್ ಎಷ್ಟಿತ್ತು, ಮಾಸು ಕೆಳಗೆ ಕೂತಿದೆಯೆ ಎಂಬುದು ಆ ಹಾಳೆಗಳಲ್ಲಿದೆ. ಸೀರೆ ಕುಪ್ಪಸದ ಜೊತೆ ಮೊದಲು ಚೀಲಕ್ಕೆ ಸೇರಬೇಕಾದದ್ದು ಅವು.

ಮನೆಯಲ್ಲಿ ಪಿಯುಸಿಯೋ ಡಿಗ್ರಿಯೋ ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೊಂದು ಕೆಲಸವಿದೆ. ತಾಯಿ ಕಾರ್ಡನ್ನು ಓದಬೇಕು. ಅಪಾಯದ ಗರ್ಭವೆಂದು ಗುರುತು ಹಾಕಿದ್ದಾರೆಯೇ ನೋಡಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ವಿಶೇಷ ತಪಾಸಣೆಗೆ ಅಕ್ಕನನ್ನು ಕರೆದೊಯ್ಯಬೇಕು. ಅಲ್ಲಿಯೇ ನೇರವಾಗಿ ವಿಚಾರಿಸಬಹುದು: ಇಲ್ಲಿ ರಾತ್ರಿ ಸಿಸೇರಿಯನ್ ಆಗುತ್ತದೆಯೇ? ರಕ್ತ ಇಲ್ಲೇ ಸಿಗುತ್ತದೆಯೇ, ತರಿಸಬೇಕೇ? ಮಗುವಿಗೆ ತೊಂದರೆಯಾದರೆ ಎಲ್ಲಿಗೆ ಕಳಿಸುತ್ತೀರಿ? 'ಲಕ್ಷ್ಯ' ಪತ್ರ ಇದೆಯೇ, ಯಾವ ವರ್ಷದ್ದು? ಕಾಲೇಜು ಸೇರುವಾಗ ಪ್ರಿನ್ಸಿಪಾಲರನ್ನು ಪ್ರಶ್ನೆ ಕೇಳಲು ಹಿಂಜರಿಯದ ಮಕ್ಕಳು ಇಲ್ಲಿ ಏಕೆ ಹಿಂಜರಿಯಬೇಕು? ಕೇಳುವ ದನಿ ಮಾತ್ರ ಜಗಳದ್ದಾಗಬಾರದು. ಸಿಸ್ಟರ್‌ಗೂ ರಾತ್ರಿಪಾಳಿ ಇರುತ್ತದೆ.

'ನಮ್ಮ ಕೈಲಿ ಆಗಲ್ಲ ಅಂತ ಮುಂದಕ್ಕೆ ಕಳಿಸಿಬಿಟ್ಟರು' ಎಂದು ಬೈಯುವವರು ಬಹಳ. ಹೊತ್ತು ಮೀರಿದ ಮೇಲೆ ಸಾಗಹಾಕಿದ್ದರೆ ಬೈಗುಳ ನ್ಯಾಯವೇ. ಆದರೆ ಬಿ.ಪಿ. ಏರುತ್ತಿರುವುದನ್ನು ಮಧ್ಯಾಹ್ನವೇ ಗುರುತಿಸಿ, ಮೊದಲ ಚುಚ್ಚುಮದ್ದು ಕೊಟ್ಟು, ಮೇಲಿನ ಆಸ್ಪತ್ರೆಗೆ ಫೋನು ಮಾಡಿ, ಚೀಟಿ ಬರೆದು, ಗಾಡಿಯಲ್ಲಿ ಜೊತೆಗೊಬ್ಬ ಸಿಸ್ಟರ್‌ನನ್ನು ಕೂರಿಸಿ ಕಳಿಸಿದ ಚಿಕ್ಕ ಆಸ್ಪತ್ರೆ ತನ್ನ ಹಂತದ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಂತೆ. ತನ್ನಿಂದಾಗದ್ದನ್ನು ಹಟ ಹಿಡಿದು ಇಟ್ಟುಕೊಂಡದ್ದೇ ತಪ್ಪು. ಜನ ಬೈಯುತ್ತಾರೆಂಬ ಅಂಜಿಕೆಯಿಂದ ವೈದ್ಯರು ಎರಡು ಗಂಟೆ ಕಾದು ನೋಡುವಂತಾದರೆ ಆ ಎರಡು ಗಂಟೆಯ ಬೆಲೆ ತೆರುವವಳು ಗರ್ಭಿಣಿಯೇ.

ಸರ್ಕಾರ 2021ರಲ್ಲಿ ಮಕ್ಕಳ ಮತ್ತು ನವಜಾತ ಶಿಶು ಘಟಕಗಳಿಗೂ 'ಮುಸ್ಕಾನ್' ಎಂಬ ಹೆಸರಿನಲ್ಲಿ ಇಂಥದೇ ಪರೀಕ್ಷೆ ಆರಂಭಿಸಿದೆ. ಹೀಗಾಗಿ ಮುಂದಿನ ಬಾರಿ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಆಸ್ಪತ್ರೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಇಂಗ್ಲಿಷ್ ಪತ್ರ ಕಂಡರೆ ಅದು ಹೆರಿಗೆ ಕೋಣೆಯದೋ, ಆಪರೇಷನ್ ಕೋಣೆಯದೋ, ಮಕ್ಕಳ ಘಟಕದ್ದೋ ಎಂದು ಓದಿನೋಡಬೇಕು. ಕೆಳಗಡೆ ಬಲಮೂಲೆಯಲ್ಲೋ ಎಡಮೂಲೆಯಲ್ಲೋ ಸಣ್ಣ ಅಕ್ಷರಗಳಲ್ಲಿ ತಾರೀಖು ಇರುತ್ತದೆ. ಅದನ್ನು ಮೊದಲು ನೋಡಬೇಕು.